ದೊರೆಯ ನಾಯಿಗೊಂದು ಕೌದಿ

ರಾಯದುರ್ಗದ ಜವಳಿ ವ್ಯಾಪಾರಿ ಕೊಟ್ರಬಸಪ್ಪನಿಗೆ ‘ರಾವ್ ಸಾಹೇಬ’ ಆಗುವ ಹುಚ್ಚು ಹತ್ತಿದಾಗ ಅದರ ದುಡಿತವೆಲ್ಲ ಬಿದ್ದದ್ದು ಹೆಂಡತಿ ಶಂಕ್ರಮ್ಮನ ಮೇಲೆ.

ಬ್ರಿಟಿಷ್ ಸರಕಾರ ಕೊಡುವ ಆ ಬಿರುದಿಗೆ ಶಿಫಾರಸು ಬರೆಯಬೇಕಾದವನು ಜಿಲ್ಲೆಯ ಕಲೆಕ್ಟರ್ ಹಾರ್ಟನ್ ದೊರೆ. ಚಳಿಗಾಲದಲ್ಲಿ ಬೊಮ್ಮನಹಾಳ್ ಕಡೆ ಕೌಜುಗ ಹಕ್ಕಿಯ ಬೇಟೆಗೆ ಬಂದಾಗಲೆಲ್ಲ ಊರಿನ ಬಂಗಲೆಯಲ್ಲಿ ಇಳಿಯುತ್ತಿದ್ದ. ಹಾರ, ಹಣ್ಣು ಯಾವುದಕ್ಕೂ ಸೊಪ್ಪು ಹಾಕುತ್ತಿರಲಿಲ್ಲ. ಅವನ ಮುಖದಲ್ಲಿ ನಗು ಕಾಣುತ್ತಿದ್ದುದು ಬೇಟೆನಾಯಿ ರೂಬಿಯನ್ನು ಯಾರಾದರೂ ಹೊಗಳಿದಾಗ ಮಾತ್ರ. ಅದು ಸ್ಪೇನಿಯಲ್ ಜಾತಿಯದು; ಗುಂಡು ತಾಗಿ ಬಿದ್ದ ಹಕ್ಕಿಯನ್ನು ಹಲ್ಲೂರದೆ ತಂದು ಯಜಮಾನನ ಕಾಲ ಬಳಿ ಇಡುವುದು ಅದರ ಕಸುಬು.

“ರೂಬಿಗೆ ಒಂದು ಕೌದಿ ಹೊಲಿ,” ಎಂದ ಕೊಟ್ರಬಸಪ್ಪ. “ನಡುವ ಅದರ ಚಿತ್ರ, ಕೆಳಗ ಅದರ ಹೆಸರು.”

“ನಾಯಿಗೆ ಕೌದಿ ಏನ್ರಿ? ಮೊಮ್ಮಗನಿಗೆ ಹೊಲೀತೀನಿ ಅಂದ್ರ ಬಟ್ಟಿ ಇಲ್ಲ ಅಂದ್ರಿ.”

“ಮೊಮ್ಮಗ ಬಿರುದು ಕೊಡಸ್ತಾನೇನು?”

ಶಂಕ್ರಮ್ಮ ಹಳೆ ಬಟ್ಟೆಯ ತುಂಡು ಕೂಡಿಸಿ ಹೊದಿಕೆ ಹೊಲಿಯಲು ಕೂತಳು. ಗುಮಾಸ್ತ ಯರ್ರಪ್ಪ ಇಂಗ್ಲಿಷಿನಲ್ಲಿ ನಾಯಿಯ ಹೆಸರು ಬರೆದುಕೊಟ್ಟ. ಅವಳು ಅದನ್ನು ರಂಗೋಲಿಯ ಎಳೆಯೆಂದುಕೊಂಡು ಹೊಲಿದಳು. ಉದ್ದ ಕಿವಿಗಳಿಗೆ ಒಪ್ಪುವ ಕಂದುಬಣ್ಣ ಅವಳ ತವರಿನ ಸೀರೆಯೊಂದರಲ್ಲಿ ಮಾತ್ರ ಇತ್ತು. ಎರಡು ಜವಳಿ ಅಂಗಡಿಗಳ ಯಜಮಾನ ಆ ಸೀರೆಗೆ ತಾನೇ ಕತ್ತರಿ ಇಟ್ಟ. ದೊರೆ ದಂಪತಿಗೂ ಒಂದು ಕೌದಿ ಆಯಿತು. ಅದರ ಮೇಲೂ ನಾಯಿಯೇ.

ಬಂಗಲೆಯಲ್ಲಿ ರೂಬಿ ಕೌದಿಯನ್ನು ಮೂಸಿ, ಮೂರು ಸುತ್ತು ತಿರುಗಿ ಮಲಗಿತು. ದೊರೆಸಾನಿ ಚಪ್ಪಾಳೆ ತಟ್ಟಿದಳು. ಕೊಟ್ರಬಸಪ್ಪ ಅಂದೇ ಹೊಸ ರುಮಾಲು ಕೊಂಡ.

ನಾಲ್ಕು ತಿಂಗಳಿಗೆ ದೊರೆಯ ಜವಾನ ಒಂದು ಬುಟ್ಟಿ, ಒಂದು ಕಾಗದ ತಂದ. ಕೊಟ್ರಬಸಪ್ಪ ಬೀದಿಯವರನ್ನೆಲ್ಲ ಕರೆಸಿ ಯರ್ರಪ್ಪನಿಂದ ಓದಿಸಿದ.

“‘ರೂಬಿ ಹೆತ್ತ ಐದರಲ್ಲಿ ಚುರುಕಾದ ಗಂಡುಮರಿಯನ್ನು ನಿಮಗೆ ಕಳಿಸಿದ್ದೇವೆ. ನಿಮ್ಮ ಮೇಲಿನ ಗೌರವದಿಂದ ಅದಕ್ಕೆ...’” ಯರ್ರಪ್ಪ ಕಾಗದದಿಂದ ತಲೆಯೆತ್ತಿದ.

“ಓದೋ, ಯಾಕ ನಿಲ್ಲಿಸಿದಿ?”

“‘ಅದಕ್ಕೆ ಬಸಪ್ಪ ಎಂದು ಹೆಸರಿಟ್ಟಿದ್ದೇವೆ’ ಅಂತ ಬರದಾರ್ರಿ.”

ಮರಿಯ ಕೊರಳಪಟ್ಟಿಯಲ್ಲಿ ಹಿತ್ತಾಳೆಯ ಬಿಲ್ಲೆಯಿತ್ತು. ಅದರ ಮೇಲೆ ಹೆಸರು ಕೆತ್ತಿಸಲು ದೊರೆ ಎಷ್ಟು ಆಸ್ಥೆ ವಹಿಸಿದ್ದನೆಂದರೆ ಕನ್ನಡದಲ್ಲೂ ಕೆತ್ತಿಸಿದ್ದ. ಓದಲು ಬಾರದವರಿಗೆ ಓದಬಲ್ಲವರು ಹೇಳಿದರು.

ಲಿಂಗಪೂಜೆಯ ಮನೆಯಲ್ಲಿ ಬೇಟೆನಾಯಿ ಬೆಳೆಯತೊಡಗಿತು. ಹಿಂದಕ್ಕೆ ಕಳಿಸಿದರೆ ದೊರೆ ಮುನಿದಾನು. ಶಂಕ್ರಮ್ಮ ಹಾಲು, ರೊಟ್ಟಿ ಹಾಕಿದಳು. ಅದು ತಿಂದಿತು, ಆದರೆ ತಾಯಿಯ ಕಸುಬು ಮಾತ್ರ ಬಿಡಲಿಲ್ಲ. ಒಂದು ಬೆಳಿಗ್ಗೆ ಗುಡ್ಡದ ಕಡೆಯಿಂದ ಸತ್ತ ಕೌಜುಗವೊಂದನ್ನು ತಂದು, ಪೂಜೆಗೆ ಕೂತಿದ್ದ ಕೊಟ್ರಬಸಪ್ಪನ ಮೊಣಕಾಲ ಬಳಿ ಮರ್ಯಾದೆಯಿಂದ ಇಟ್ಟಿತು.

“ಬಸಪ್ಪಾ! ಹೊರಗ ನಡಿ!” ಎಂದು ಶಂಕ್ರಮ್ಮ ಚೀರಿದಳು.

ನಾಯಿ ಹೋಯಿತು. ಮೈಮೇಲೆ ವಿಭೂತಿಯಿದ್ದ ಗಂಡನೂ ಗಾಬರಿಯಲ್ಲಿ ಎದ್ದು ಅದರ ಹಿಂದೆಯೇ ಹೊರಗೆ ಹೋಗಿ ನಿಂತ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಮುಂದಿನ ಚಳಿಗಾಲ ದೊರೆ ಮನೆಯ ಮುಂದೆಯೇ ಕುದುರೆಯಿಂದಿಳಿದ. ಎರಡೂ ಕೈ ಚಾಚಿ, “ಬಸಪ್ಪಾ!” ಎಂದ. ಹೊಸ ರುಮಾಲಿನ ಕೊಟ್ರಬಸಪ್ಪ ಕೈಮುಗಿದು ಮುಂದೆ ಬಂದ. ಅವನ ಕಾಲ ನಡುವಿನಿಂದ ನುಗ್ಗಿದ ನಾಯಿಯನ್ನು ದೊರೆ ಧೂಳಿನಲ್ಲೇ ಮಂಡಿಯೂರಿ ತಬ್ಬಿದ. ಆಮೇಲೆ ಯರ್ರಪ್ಪನ ಮೂಲಕ ಯಜಮಾನನಿಗೂ ಒಂದು ಮಾತು ಹೇಳಿಸಿದ. ಬಸಪ್ಪನಿಗೆ ಬೊಜ್ಜು ಬಂದಿದೆ, ದಿನಾ ಓಡಿಸಬೇಕು.

ಅಂದಿನಿಂದ ರಾವ್ ಸಾಹೇಬನಾಗಬೇಕಾದವನು ದಿನಾ ಬೆಳಿಗ್ಗೆ ಧೋತ್ರ ಎತ್ತಿಕಟ್ಟಿ ಗುಡ್ಡದ ಬುಡದವರೆಗೆ ಓಡಿದ.

ಬಿರುದಿನ ಪಟ್ಟಿ ಬಂತು. ಅದರಲ್ಲಿ ಕೊಟ್ರಬಸಪ್ಪನ ಹೆಸರಿರಲಿಲ್ಲ. ಅಷ್ಟರಲ್ಲಿ ದೊರೆಯೂ ರಜೆಯ ಮೇಲೆ ವಿಲಾಯತಿಗೆ ಹೊರಟುಹೋಗಿದ್ದ. ಮೂರು ದಿನ ಕೊಟ್ರಬಸಪ್ಪ ಅಂಗಡಿಯ ಕಡೆ ಹೋಗಲಿಲ್ಲ. ನಾಲ್ಕನೆಯ ದಿನ ಶಂಕ್ರಮ್ಮ ಹಿತ್ತಲಿಗೆ ಬಂದಾಗ ಅವನು ನಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು ರೊಟ್ಟಿಯನ್ನು ಹಾಲಿಗೆ ಮುರಿದು ಹಾಕುತ್ತಿದ್ದ.

“ಭಾಳ ಬ್ಯಾಸರ ಆತೇನ್ರಿ?” ಎಂದಳು.

“ಸುಮ್ಮನಿರು,” ಎಂದ ಮೆಲ್ಲಗೆ. “ಬಸಪ್ಪ ಉಣ್ಣಾಕತ್ಯಾನ.”