ಏಳನೇ ನಂಬರಿನ ಕಲ್ಲು

ಈ ಸಲ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ ಎಂದು ಹಟ ತೊಟ್ಟೇ ಪೂರಿ ಮಾ ಮನೆ ಬಿಟ್ಟಿದ್ದಳು. ಸೊಂಟದಲ್ಲಿ ಸಿಂಧೂರದ ಪೊಟ್ಟಣ, ಕೈಯಲ್ಲಿ ಎಣ್ಣೆಯ ಗಿಂಡಿ. ದೀಪಾವಳಿಯ ಹಿಂದಿನ ದಿನ ಗಂಡನ ಪಾಳಿಯೊಗೆ, ಅಂದರೆ ಅವನ ವೀರಗಲ್ಲಿಗೆ, ಸಿಂಧೂರ ಹಚ್ಚಬೇಕು. ಮೂರು ವರ್ಷ ಒಂದೇ ಸಮ ಸಿಂಧೂರ ಕಾಣದಿದ್ದರೆ ವೀರ ಕಲ್ಲು ಬಿಟ್ಟು ಹೋಗುತ್ತಾನೆ, ಆಮೇಲೆ ಅದು ಬರೀ ಕಲ್ಲು ಎಂದು ಅವಳ ಅತ್ತೆ ಹೇಳುತ್ತಿದ್ದಳು. ಆ ಕಲ್ಲಿರುವ ಹುಲ್ಲುಗಾವಲು ಈಗ ಕೃಷ್ಣಮೃಗಗಳ ಅಭಯಾರಣ್ಯ; ಕಾಲ್ನಡಿಗೆಯಲ್ಲಿ ಯಾರೂ ಒಳಗೆ ಹೋಗಬಾರದೆಂಬ ಹೊಸ ಕಟ್ಟಳೆ ಬಂದು ಎರಡು ವರ್ಷದ ಸಿಂಧೂರ ಆಗಲೇ ತಪ್ಪಿತ್ತು. ಹೋದ ವರ್ಷ ಅರ್ಜಿ ಬರೆಸಿಕೊಟ್ಟಿದ್ದಳು. ಅದು ಯಾರ ಮೇಜಿನ ಕಾಲಿಗೆ ಒತ್ತು ಕೊಡಲು ಹೋಯಿತೋ!

ಗೇಟಿನ ಜಗಮಾಲ್ ಅವಳನ್ನು ಕಂಡದ್ದೇ ಅಡ್ಡ ಬಂದ.

"ಮತ್ತೆ ಶುರುವಾಯ್ತಾ ಮಾ? ನಡ್ಕೊಂಡು ಹೋಗೋ ಹಾಗಿಲ್ಲ ಅಂತ ಎಷ್ಟು ಸಲ ಬಡ್ಕೋಬೇಕು? ಕೃಷ್ಣಮೃಗ ಬೆದರ್ತಾವೆ."

"ನನ್ನ ನೋಡಿ ಬೆದರ್ತಾವಾ? ಅವುಗಳ ಮುತ್ತಜ್ಜಿ ನನ್ನ ಕೊಟ್ಟಿಗೇಲಿ ಮೇಕೆ ಹಾಲು ಕುಡಿದು ಬೆಳೆದದ್ದು ಕಣೋ. ಬೆದರೋದಿದ್ರೆ ನಿನ್ನ ಮೀಸೆ ನೋಡಿ ಬೆದರಬೇಕು."

"ಟಿಕೆಟ್ ಇದ್ರೆ ಜೀಪ್ ಹತ್ತು. ಇಲ್ದಿದ್ರೆ ಮನೆಗೆ ನಡಿ."

ಪೂರಿ ಮಾ ಸೆರಗಿನ ಗಂಟು ಬಿಚ್ಚಿ, ಟಿಕೆಟ್ ತೆಗೆದು ಅವನ ಮೂಗಿಗೇ ಹಿಡಿದಳು. ಜಗಮಾಲ್ ಪಕ್ಕಕ್ಕೆ ಸರಿದ. ತಾನು ಕುರಿ ಕಾಯ್ದ ಹುಲ್ಲುಗಾವಲು ನೋಡಲು ತನಗೇ ಟಿಕೆಟ್ಟು! ಹೊಟ್ಟೆ ಉರಿಯುತ್ತಿದ್ದರೂ ಕೊಂಡಿದ್ದಳು.

ಜೀಪು ಅವಳ ಊರಿನವನೇ ಆದ ಮೇರಾಮನದು. ಹಿಂದಿನ ಸೀಟಿನಲ್ಲಿ ಅಹಮದಾಬಾದಿನ ಗಂಡ ಹೆಂಡತಿ, ಮೊಣಕೈಯುದ್ದದ ಕ್ಯಾಮೆರಾ. ಬೆಳೆದ ಹುಲ್ಲಿನ ಮೇಲೆ ಗಿಡುಗಗಳು ತಗ್ಗಾಗಿ ಹಾರುತ್ತಿದ್ದವು.

"ಏಳನೇ ನಂಬರ್ ಕಡೆ ಹೊರಟೆ," ಎಂದ ಮೇರಾಮ್ ವೈರ್‌ಲೆಸ್‌ಗೆ.

"ಅದ್ಯಾವುದೋ ಏಳನೇ ನಂಬರು?" ಎಂದಳು ಪೂರಿ ಮಾ.

ಮೇರಾಮ್ ಗೇರು ಬದಲಿಸಿದ.

ತಿರುವಿನಲ್ಲಿ ಕಲ್ಲು ಕಂಡಿತು; ಮೇರಾಮ್ ಜೀಪು ನಿಲ್ಲಿಸಿದ. ಹೆಗಲ ಮೇಲೆ ಜಿಂಕೆಮರಿ ಹೊತ್ತ ಗಂಡಸಿನ ಕೆತ್ತನೆ, ಮೇಲೆ ಸೂರ್ಯ ಚಂದ್ರ. ಆ ಗಂಡಸಿನ ಎದೆಯ ಮೇಲೆ ಬಿಳಿ ಬಣ್ಣದಲ್ಲಿ ದಪ್ಪನೆಯ ಏಳು, ಪಕ್ಕದಲ್ಲೊಂದು ಬಾಣದ ಗುರುತು.

ಪ್ರವಾಹದ ವರ್ಷ ಅವಳ ಗಂಡ ಹಮೀರ್ ಇದೇ ಜಾಗದಲ್ಲಿ ಎರಡು ಮರಿಗಳನ್ನು ಎತ್ತಿ ತಂದು, ಮೂರನೆಯದಕ್ಕೆ ನೀರಿಗಿಳಿದವನು ಮರಳಿರಲಿಲ್ಲ.

"ಯಾವ ಕೈ ಸೇದಿಹೋದವನೋ ಇದನ್ನ ಬರೆದದ್ದು?"

"ದಾರಿಗೆ ನಂಬರ್ ಹಾಕೋಕೆ ಹೊರಗಿನವ್ರು ಬಂದಿದ್ರು ಮಾ. ಮೈಲಿಗಲ್ಲು ಅಂದ್ಕೊಂಡ್ರು. ಅವ್ರಿಗೇನು ಗೊತ್ತು?"

"ಅವ್ರಿಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತಲ್ಲೋ! ಅವನ ಹೆಗಲ ಮೇಲೆ ಕೂತು ಊರೆಲ್ಲ ಸುತ್ತಿದವನು ನೀನು. ದಿನಾ ಹತ್ತು ಸಲ ಏಳು ಏಳು ಅಂತ ಕೂಗೋಕೆ ನಾಲಿಗೆಯಾದ್ರೂ ಹೇಗೆ ಬಂತೋ?"

ಅವಳು ಇಳಿದೇಬಿಟ್ಟಳು.

"ಮಾ, ಇಳೀಬೇಡ! ನನ್ನ ಲೈಸೆನ್ಸ್ ಹೋಗತ್ತೆ!"

"ಹೋಗ್ಲಿ."

ಅಂಗೈಯಲ್ಲೇ ಎಣ್ಣೆ, ಸಿಂಧೂರ ಕಲಸಿ ಕಲ್ಲಿಗೆ ಮೆತ್ತಿದಳು. ಅಂಕೆ ಮುಳುಗುವವರೆಗೂ ಮೆತ್ತಿದಳು. ಅಷ್ಟು ದೂರದಲ್ಲಿದ್ದ ಕೃಷ್ಣಮೃಗಗಳು ಕತ್ತೆತ್ತಿ ನೋಡಿ ಮತ್ತೆ ಹುಲ್ಲಿಗೆ ಬಾಯಿ ಹಾಕಿದವು. ಅವಳ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ಮಾತ್ರ ಬೈಗುಳ ನಿಂತಿರಲಿಲ್ಲ.

ವೈರ್‌ಲೆಸ್ ಗೊರಗುಟ್ಟಿತು. ಜಗಮಾಲನ ದನಿ. "ಮೇರಾಮ್, ಮುದುಕಿ ಇಳಿದಿದಾಳೆ ಅಂತ ಹಿಂದಿನ ಜೀಪಿನವ್ರು ಹೇಳ್ತಿದಾರೆ. ಎಲ್ಲಿದೀಯಾ? ಏಳರಲ್ಲಾ?"

ಮೇರಾಮ್ ಕಲ್ಲನ್ನು ನೋಡಿದ, ಅವಳ ಕೆಂಪು ಕೈಗಳನ್ನು ನೋಡಿದ.

"ಇಲ್ಲ. ಹಮೀರ್ ಬಾಪಾ ಹತ್ರ ಇದೀನಿ."

"ಅದ್ಯಾವ ಜಾಗ?"

"ಇಷ್ಟು ದಿನ ಏಳು ಅಂತಿದ್ವಲ್ಲ, ಅದೇ. ಇನ್ಮೇಲೆ ಯಾರೂ ಹಂಗನ್ನಬೇಡಿ."

ಅವನು ಚಪ್ಪಲಿ ಬಿಟ್ಟು ತಾನೂ ಇಳಿದ. ಪೂರಿ ಮಾ ಬೈಯುತ್ತಲೇ ಪೊಟ್ಟಣವನ್ನು ಅವನ ಕಡೆ ಚಾಚಿದಳು.