ಹಿಂದಿನಿಂದ ಕೂಗುವವರಿಲ್ಲ

ನಾನು ಒಂದು ಬಸ್ಸು. ಹುಟ್ಟಿದ್ದು ಎರಡು ಸಲ. ಮೊದಲ ಸಲ ಕಾರ್ಖಾನೆಯಿಂದ ಹೊರಬಂದಾಗ ನನಗೆ ಎಂಜಿನ್ನು, ಚಕ್ರ, ಸ್ಟಿಯರಿಂಗು ಬಿಟ್ಟರೆ ಮೈಯೇ ಇರಲಿಲ್ಲ. ತಲೆಗೆ ಟವೆಲ್ಲು ಸುತ್ತಿಕೊಂಡ ಡ್ರೈವರೊಬ್ಬ ಆ ಎಲುಬಿನ ಗೂಡಿನ ಮೇಲೆ ಕೂತು, ಧೂಳು ಕುಡಿಯುತ್ತ ನನ್ನನ್ನು ಇನ್ನೊಂದು ಊರಿಗೆ ತಂದ. ಅಲ್ಲಿ ತಗಡು ಹೊಡೆದು, ಸೀಟು ಕೂರಿಸಿ, ಕೆಂಪು ಬಣ್ಣ ಬಳಿದರು. ಆವಾಗ ಬಂದ ಜಂಬ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಹನ್ನೆರಡು ವರ್ಷ ಇಳಕಲ್ಲು, ಕುಷ್ಟಗಿ, ಗಂಗಾವತಿ ಎಂದು ಓಡಿದೆ. ಬೀಗರನ್ನು ಹೊತ್ತೆ, ಕೋಳಿ ಬುಟ್ಟಿ ಹೊತ್ತೆ, ಹೆರಿಗೆಗೆ ಹೊರಟವರನ್ನೂ ಹೊತ್ತೆ. ದಿಣ್ಣೆ ಹತ್ತುವಾಗ ಉಸಿರು ಕಟ್ಟತೊಡಗಿದ ಮೇಲೆ ಡಿಪೋದವರು ನನ್ನನ್ನು ರಸ್ತೆಯಿಂದ ತೆಗೆದು ಪಕ್ಕದ ಟ್ರ್ಯಾಕಿಗೆ ಹಾಕಿದರು. ಡ್ರೈವರ್ ಕೆಲಸ ಕೇಳಿಕೊಂಡು ಬರುವವರಿಗೆ ಅಲ್ಲಿ ಪರೀಕ್ಷೆ. ಹಾವಿನಂತೆ ಎರಡು ಕಡೆ ಬಾಗಿದ ಓಣಿ, ಇಕ್ಕೆಲದಲ್ಲಿ ಕಬ್ಬಿಣದ ಕಂಬಗಳು. ಆ ಓಣಿಯಲ್ಲಿ ನನ್ನನ್ನು ರಿವರ್ಸಿನಲ್ಲಿ ತರಬೇಕು. ಕಂಬಕ್ಕೆ ತಾಗಿದರೆ ಗಂಟೆ ಹೊಡೆಯುತ್ತದೆ. ನಡುವೆ ಹತ್ತು ಸೆಕೆಂಡಿಗಿಂತ ಹೆಚ್ಚು ನಿಂತರೂ ಹೊಡೆಯುತ್ತದೆ. ಹೊಡೆಯಿತೋ, ಇಳಿದು ಮನೆಗೆ ಹೋಗಬೇಕು. ಜನರನ್ನು ಊರು ಮುಟ್ಟಿಸುತ್ತಿದ್ದ ನಾನು ಅವರನ್ನು ಅರ್ಧ ದಾರಿಯಲ್ಲಿ ಇಳಿಸುವ ಪಾಪಕ್ಕೆ ಬಿದ್ದೆ.

ಯಮನೂರಪ್ಪನನ್ನು ನಾನು ಕಂಡದ್ದು ಅಲ್ಲೇ. ಹತ್ತು ವರ್ಷ ಗ್ರಾನೈಟ್ ಲಾರಿ ಓಡಿಸಿದವನು. ಕ್ವಾರಿ ಮುಚ್ಚಿ ಕೆಲಸ ಹೋಗಿತ್ತು. ಅವನು ಕ್ಲಚ್ಚು ಬಿಟ್ಟ ರೀತಿಯಲ್ಲೇ ಪಳಗಿದ ಕೈಯೆಂದು ಗೊತ್ತಾಯಿತು. ಆದರೆ ಮೊದಲ ತಿರುವಿನಲ್ಲಿ ನನ್ನನ್ನು ನಿಲ್ಲಿಸಿದ. ಕಿಟಕಿಯಿಂದ ತಲೆ ಹೊರಹಾಕಿ, ಕಿವಿ ಹಿಂದಕ್ಕೆ ಕೊಟ್ಟು ಸುಮ್ಮನೆ ಕೂತುಬಿಟ್ಟ. ಗಂಟೆ ಹೊಡೆಯಿತು.

ಪರೀಕ್ಷೆ ನಡೆಸುವ ಬಳಿಗಾರ ಸಾಹೇಬರು ಓಡಿಬಂದರು. "ಯಾಕೋ ತಮ್ಮಾ, ನಿಂತಿ ಯಾಕ?"

"ಹಿಂದಿಂದ ಯಾರೂ ಕೂಗಲಿಲ್ರಿ ಸಾಹೇಬ್ರ."

ಸುತ್ತಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಲಾರಿಯ ಹಿಂದೆ ಹತ್ತು ವರ್ಷವೂ ಖಾಜಾಸಾಬ ಎಂಬ ಮುದಿ ಕ್ಲೀನರು ನಿಂತು, ತಗಡು ತಟ್ಟುತ್ತ "ಬರ್ಲಿ, ಬರ್ಲಿ" ಎಂದು ಕೂಗಿದ್ದನಂತೆ. ಇವನು ರಿವರ್ಸ್ ಕಲಿತದ್ದು ಕಣ್ಣಿನಿಂದಲ್ಲ, ಕಿವಿಯಿಂದ.

ಮುಂದಿನ ತಿಂಗಳು ಅವನು ಬಸ್ಸು ತೊಳೆಯುವ ಗುತ್ತಿಗೆ ಕೆಲಸಕ್ಕೆ ಅದೇ ಡಿಪೋಕ್ಕೆ ಬಂದ. ಊರೂರಿಗೆ ಅರ್ಜಿ ಹಾಕುತ್ತಲೇ ಇದ್ದ. ದಿನಾ ಬೆಳಿಗ್ಗೆ ನನ್ನ ಮೈ ತೊಳೆದಾದ ಮೇಲೆ ಟ್ರ್ಯಾಕಿಗೆ ಇಳಿಯುತ್ತಿದ್ದ. ಬಸ್ಸು ಓಡಿಸಲು ಅಪ್ಪಣೆ ಇರಲಿಲ್ಲ, ಕಾಲಿಗೆ ಅಪ್ಪಣೆ ಬೇಕಿರಲಿಲ್ಲ. ತಾನೇ ಬಸ್ಸೆಂಬಂತೆ ಕೈಯಲ್ಲಿ ಇಲ್ಲದ ಸ್ಟಿಯರಿಂಗು ಹಿಡಿದು, ಓಣಿಯುದ್ದಕ್ಕೂ ಹಿಂದೆ ಹಿಂದೆ ನಡೆಯುತ್ತಿದ್ದ. ಮೆಕ್ಯಾನಿಕ್ಕುಗಳು ಸೀಟಿ ಹೊಡೆದು ಗೇಲಿ ಮಾಡುತ್ತಿದ್ದರು. ಅವನು ಕಂಬ ಎಣಿಸುತ್ತಿದ್ದ.

ಎರಡು ವರ್ಷಕ್ಕೆ ಮತ್ತೆ ನೇಮಕಾತಿ ಬಂತು. ಪರೀಕ್ಷೆಗೆ ಎರಡು ದಿನ ಇದ್ದಾಗ ಅದು ರದ್ದಾಯಿತು, ಗೇಟಿಗೆ ಒಂದು ಚೀಟಿ ಅಂಟಿಸಿದರು, ಅಷ್ಟೇ. ಅವನು ನನ್ನನ್ನು ತೊಳೆದ, ಆದರೆ ನಡೆಯಲಿಲ್ಲ. ಮರುದಿನವೂ ನಡೆಯಲಿಲ್ಲ. ಎಂಟು ದಿನ ಕಳೆದವು. ನನಗೆ ಗಾಬರಿಯಾಯಿತು. ಕೆಲಸ ಸಿಗದವರನ್ನು ನಾನು ಬೇಕಾದಷ್ಟು ನೋಡಿದ್ದೆ, ಹುಡುಕುವುದನ್ನೇ ಬಿಟ್ಟವನ ಮುಖ ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಒಂಬತ್ತನೇ ದಿನ ಅವನ ಹೆಂಡತಿ ಹುಲಿಗೆಮ್ಮ ರೊಟ್ಟಿ ಗಂಟು ಹಿಡಿದು ಬಂದಳು. ಅವನು ನನ್ನ ನೆರಳಿನಲ್ಲಿ ಕೂತಿದ್ದ.

"ಇವತ್ತೂ ನಡದಿಲ್ಲೇನ್ರಿ?"

"ಯಾತಕ್ಕ ನಡೀಲಿ? ಎಲ್ಲಾ ರದ್ದ ಆತಲ್ಲ."

"ಪರೀಕ್ಷೆ ರದ್ದ ಆತು, ನಿಮ್ಮ ಕಾಲು ರದ್ದ ಆದವೇನು? ಏಳ್ರಿ, ನಾ ಹಿಂದ ನಿಂತು ಕೂಗ್ತೀನಿ."

ಅವನು ಎದ್ದು ಚಪ್ಪಲಿ ಮೆಟ್ಟಿದ. "ನೀ ಕೂಗಬ್ಯಾಡ. ಯಾರೂ ಕೂಗದಿದ್ರೂ ಬರೋದನ್ನ ಕಲೀಬೇಕಾಗೈತಿ ನಾ."

ಅವಳು ಕಂಬದ ಪಕ್ಕ ಬಾಯಿ ಮುಚ್ಚಿಕೊಂಡು ನಿಂತಳು. ಅವನು ನಡೆದ.

ಇನ್ನೆರಡು ವರ್ಷ ಕಳೆದು ಮೂರನೇ ಸಲ ಕರೆ ಬಂದಾಗ ವಯಸ್ಸಿನ ಮಿತಿ ದಾಟಲು ಅವನಿಗೆ ಎರಡು ತಿಂಗಳು ಉಳಿದಿತ್ತು. ಇದು ತಪ್ಪಿದರೆ ಮತ್ತೆ ಅರ್ಜಿ ಹಾಕುವ ಹಾಗೇ ಇರಲಿಲ್ಲ. ಆ ದಿನ ಅವನ ಅಂಗೈ ಎಷ್ಟು ಬೆವೆತಿತ್ತೆಂದರೆ ನನ್ನ ಸ್ಟಿಯರಿಂಗು ಜಾರುತ್ತಿತ್ತು. ಮೊದಲ ತಿರುವು ದಾಟಿದೆವು. ಎರಡನೆಯದರ ನಟ್ಟನಡುವೆ, ಗೋಡೆಯಾಚೆಯ ವರ್ಕ್‌ಶಾಪಿನಲ್ಲಿ ಯಾರೋ ಇನ್ನೊಂದು ಬಸ್ಸಿಗೆ ಕೂಗಿದರು: "ಬರ್ಲಿ, ಬರ್ಲಿ, ಬರ್ಲಿ!"

ಅವನ ತಲೆ ತಟ್ಟನೆ ಕಿಟಕಿಯಿಂದ ಹೊರಬಂತು. ಕ್ಲಚ್ಚಿನ ಮೇಲಿದ್ದ ಕಾಲು ಆ ದನಿಗೆ ತಾನಾಗಿಯೇ ಸಡಿಲವಾಯಿತು. ನನ್ನ ಹಿಂಬದಿ ಕಂಬಕ್ಕೆ ಒಂದು ಗೇಣು ದೂರವಿತ್ತು. ಅದು ನಿನಗಲ್ಲವೋ ಎಂದು ಕಿರುಚಬೇಕೆನಿಸಿತು, ಆದರೆ ಹಾರ್ನು ಇದ್ದದ್ದೂ ಅವನ ಕೈಯಲ್ಲೇ. ಬ್ರೇಕು ಬಿತ್ತು. ನಿಂತೆವು. ಮೂರು ಸೆಕೆಂಡು. ನಾಲ್ಕು. "ಬರ್ಲಿ" ಎಂದು ಆ ದನಿ ಕೂಗುತ್ತಲೇ ಇತ್ತು. ಆರು. ಬಳಿಗಾರ ಸಾಹೇಬರು ಗಡಿಯಾರ ನೋಡಿಕೊಂಡರು. ಏಳು. ಯಮನೂರಪ್ಪ ತಲೆ ಒಳಗೆ ಎಳೆದುಕೊಂಡು ಕಿಟಕಿಯ ಗಾಜು ಮುಚ್ಚಿದ. ಕನ್ನಡಿ ನೋಡಿದ. ಸ್ಟಿಯರಿಂಗು ಅರ್ಧ ಸುತ್ತು ತಿರುಗಿಸಿ ಕ್ಲಚ್ಚು ಬಿಟ್ಟ. ಒಂದೊಂದೇ ಕಂಬ ಸರಿದುಹೋಯಿತು. ಓಣಿ ಮುಗಿದರೂ ಗಂಟೆ ಹೊಡೆಯಲಿಲ್ಲ. ಅವನು ಸ್ಟಿಯರಿಂಗಿನ ಮೇಲೆ ಹಣೆ ಇಟ್ಟು ಅತ್ತ. ನನಗೂ ಸಂಕಟವೋ ಸಂತೋಷವೋ ತಿಳಿಯಲಿಲ್ಲ.

ಆದೇಶ ಕೈಗೆ ಬರಲು ಇನ್ನೊಂದು ವರ್ಷ ಹಿಡಿಯಿತು. ಅಲ್ಲಿಯವರೆಗೂ ಅವನೇ ನನ್ನನ್ನು ತೊಳೆದ. ಈಗ ಖಾಕಿ ತೊಟ್ಟು ಹೊಸ ಬಸ್ಸು ಓಡಿಸುತ್ತಾನೆ. ನನ್ನ ಎಂಜಿನ್ನು ನಿಂತುಹೋಗಿ, ಕನ್ನಡಿಗಳನ್ನೂ ಬ್ಯಾಟರಿಯನ್ನೂ ಕಳಚಿ, ಗುಜರಿ ಮೂಲೆಗೆ ನಿಲ್ಲಿಸಿದ್ದಾರೆ. ಸುತ್ತ ಹುಲ್ಲು ಬೆಳೆದಿದೆ.

ಇಲ್ಲಿಗೆ ಬಂದ ದಿನ ಚೆನ್ನಾಗಿ ನೆನಪಿದೆ. ಆರು ಜನ ಮುಂದಿನಿಂದ ದೂಡುತ್ತಿದ್ದರು, ಸ್ಟಿಯರಿಂಗು ಹಿಡಿದ ಮೆಕ್ಯಾನಿಕ್ಕಿಗೆ ಹಿಂದೆ ಏನೂ ಕಾಣುತ್ತಿರಲಿಲ್ಲ. ಗೋಡೆಗೆ ಬಡಿಯುತ್ತೇನೆಂದು ನಾನು ನಡುಗುತ್ತಿದ್ದೆ. ಆಗ ಡ್ಯೂಟಿ ಮುಗಿಸಿದ ಯಮನೂರಪ್ಪ ಓಡಿಬಂದು ನನ್ನ ಹಿಂದೆ ನಿಂತ. ಐದು ವರ್ಷ ತನಗೆ ಯಾರೂ ಕೂಗದಿದ್ದ ಆ ಮಾತನ್ನು, ನನ್ನ ತಗಡು ತಟ್ಟುತ್ತ, ಅವನು ಕೂಗಿದ.

"ಬರ್ಲಿ... ಬರ್ಲಿ... ಬರ್ಲಿ... ಸಾಕು."

ನಾನು ನಿಂತೆ.