ಬರ್ತೀನಿ ಅಂದವಳು

ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಲಾಂಡ್ರಿಯ ಮೇಲ್ವಿಚಾರಕಿ ಅವಳನ್ನು ಬಾಗಿಲಲ್ಲೇ ತಡೆದು, ಹಿಂದಿನ ದಿನ ಯಾಕೆ ಬರಲಿಲ್ಲವೆಂದು ಕೇಳಿದಳು. ಭಾನುವಾರ ಅವಳಿಗೆ ರಜೆ. ಅಷ್ಟನ್ನು ಆ ದೇಶದ ಭಾಷೆಯಲ್ಲಿ ಹೇಳಲು ಅವಳಿಗೆ ಬರಲಿಲ್ಲ.

"ಶನಿವಾರ ಸಂಜೆ ಹೊರಡೋವಾಗ, ಬರ್ತೀನಿ ಅಂತ ನೀನೇ ಹೇಳಿದೆ," ಎಂದಳು ಮೇಲ್ವಿಚಾರಕಿ. "ನಿನ್ನನ್ನ ನಂಬಿ ಇನ್ನೊಬ್ಬಳಿಗೆ ರಜಾ ಕೊಟ್ಟೆ."

ಅವಳು ಊರು ಬಿಟ್ಟು ಆ ದೇಶಕ್ಕೆ, ಅಕ್ಕನ ಮನೆಗೆ ಬಂದು ಎರಡು ತಿಂಗಳಾಗಿತ್ತು. ಲಾಂಡ್ರಿಯಲ್ಲಿ ಆಸ್ಪತ್ರೆಯ ಹಾಸುಬಟ್ಟೆಗಳು ಇಸ್ತ್ರಿಯ ಉರುಳೆಗಳ ನಡುವಿನಿಂದ ಬಿಸಿಬಿಸಿಯಾಗಿ ಹೊರಬರುತ್ತಿದ್ದವು. ಇಬ್ಬರು ಎದುರುಬದುರು ನಿಂತು ಮೂಲೆ ಹಿಡಿದು, ಎಳೆದು, ಹತ್ತಿರ ಬಂದು ಮಡಚಬೇಕು. ಎದುರಿನವಳ ಭಾಷೆ ಇನ್ನೊಂದು. ದಿನವಿಡೀ ಮಾತಿಲ್ಲದೆ ಕೆಲಸ ಸಾಗುತ್ತಿತ್ತು.

ಸಂಜೆ ವಿಷಯ ಕೇಳಿ ಅಕ್ಕ ಈರುಳ್ಳಿ ಹೆಚ್ಚುವುದನ್ನು ಬಿಟ್ಟು ಬಿದ್ದು ಬಿದ್ದು ನಕ್ಕಳು. ಅವಳು ಆ ಊರಿನಲ್ಲಿ ಆರು ವರ್ಷದಿಂದ ಬಸ್ ಓಡಿಸುತ್ತಿದ್ದಳು.

"ಅಯ್ಯೋ ಪೆದ್ದಿ, ಇಲ್ಲಿ ಹೊರಡೋವಾಗ ಯಾರಾದ್ರೂ ಬರ್ತೀನಿ ಅಂತಾರೇನೇ? ಬಂದೇ ಬರ್ತಾಳೆ ಅಂತ ಕಾಯ್ತಾರೆ. ಹೋಗ್ತೀನಿ ಅನ್ಬೇಕು."

"ಹಾಗಂತ ಹೇಗೆ ಬಾಯಿ ಬರುತ್ತೆ ಅಕ್ಕಾ? ಅಮ್ಮ ಕೇಳಿದ್ರೆ ಹಲ್ಲು ಉದುರಿಸ್ತಿದ್ಲು."

"ಅಮ್ಮನ ಕಿವಿ ಇಲ್ಲಿವರೆಗೂ ಬರಲ್ಲ ಬಿಡು. ಪುಣ್ಯಕ್ಕೆ ಅವಳೊಬ್ಬಳಿಗೇ ಅಂದಿದ್ದೀಯ."

ತಂಗಿ ನಗಲಿಲ್ಲ. ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು.

"ಬೀಗದ ಮಾಮನಿಗೂ ಅಂದಿದ್ದೀನಿ. ದಿನಾ."

ಕಟ್ಟಡದ ಉಸ್ತುವಾರಿಯವನಿಗೆ ಆ ಹೆಸರಿಟ್ಟವಳು ಅಕ್ಕನೇ. ನೆಲಮಹಡಿಯಲ್ಲಿ ಒಂಟಿಯಾಗಿದ್ದ ಆ ವಯಸ್ಸಾದವನ ಸೊಂಟದ ಗೊಂಚಲಿನಲ್ಲಿ ಎಲ್ಲ ಮನೆಗಳ ಕೀಲಿಕೈಗಳು ಇರುತ್ತಿದ್ದವು. ಬೆಳಿಗ್ಗೆ ಕಸದ ಡಬ್ಬಿಗಳ ಹತ್ತಿರ ಸಿಕ್ಕಾಗ ತಂಗಿ ಮುಗುಳ್ನಕ್ಕು, ಅದೊಂದು ಮಾತು ಹೇಳಿ ಹೋಗುತ್ತಿದ್ದಳು. ಮೊದಮೊದಲು ಅವನು ತಲೆಯಾಡಿಸುತ್ತಿದ್ದ. ಆಮೇಲೆ ಸಂಜೆಯ ಹೊತ್ತು ಅವನ ಬಾಗಿಲು ತೆರೆದಿರತೊಡಗಿತು. ಒಳಗೆ ಮೇಜಿನ ಮೇಲೆ ಎರಡು ತಟ್ಟೆ. ಯಾರೋ ನೆಂಟರು ಬರುವವರಿರಬೇಕು ಎಂದುಕೊಂಡು ಅವಳು ಮೆಟ್ಟಿಲು ಹತ್ತುತ್ತಿದ್ದಳು. ಕಳೆದ ವಾರದಿಂದ ಅವನು ತಲೆಯಾಡಿಸುವುದನ್ನೂ ಬಿಟ್ಟಿದ್ದ. ಅವಳು ಬೀದಿಯ ತಿರುವು ದಾಟುವವರೆಗೆ ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದ.

ಅಕ್ಕ ಚಾಕು ಕೆಳಗಿಟ್ಟಳು. "ನಡಿ. ಈಗಲೇ ಹೋಗಿ ಹೇಳೋಣ."

ಅವನು ಹೊಸ ಅಂಗಿ ತೊಟ್ಟು, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡಿದ್ದ. ಅಕ್ಕ ಹೊಸ್ತಿಲಾಚೆಯೇ ನಿಂತು ಆ ಊರಿನ ಭಾಷೆಯಲ್ಲಿ ವಿವರಿಸಿದಳು. ನಮ್ಮಲ್ಲಿ ಹೊರಡುವವರು ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು, ಇವಳು ಅದನ್ನೇ ನಿಮ್ಮ ಮಾತಿಗೆ ತಿರುಗಿಸಿದ್ದಾಳೆ, ತಪ್ಪು ತಿಳಿಯಬೇಡಿ ಎಂದಳು. ಅವನು ಪೂರ್ತಿ ಕೇಳಿಸಿಕೊಂಡ. ನೋಡುತ್ತಿದ್ದದ್ದು ಮಾತ್ರ ತಂಗಿಯನ್ನು.

"ಹೋಗೋವಾಗ ಬರ್ತೀನಿ ಅಂತಾಳೆ."

"ಹೌದು."

"ಹಾಗಾದ್ರೆ ಬರಲ್ಲ ಅಂದಾಗ ಅವಳ ಮನಸ್ಸಲ್ಲಿ ಏನಿರುತ್ತೆ?"

"ಬರಲ್ಲ ಅಂದ್ರೆ ಬರಲ್ಲ ಅಂತಾನೇ."

"ಅದು ನೀವು ಹೇಳ್ತಿರೋದು," ಎಂದ ಅವನು. ದನಿ ಏರಿರಲಿಲ್ಲ.

ಅಕ್ಕ ತಂಗಿಯ ತೋಳು ತಿವಿದಳು. "ನೀನೇ ಹೇಳೇ."

"ನಾನು ಬರಲ್ಲ," ಎಂದಳು ತಂಗಿ, ಅವನ ಭಾಷೆಯಲ್ಲಿ, ಒಂದೊಂದೇ ಪದ ಹುಡುಕಿ.

ಅವನು ನಕ್ಕ. ಅವನು ನಕ್ಕದ್ದನ್ನು ಅವರು ಅದುವರೆಗೆ ನೋಡಿರಲಿಲ್ಲ.

ಮೇಲೆ ಬಂದ ಮೇಲೂ ಅಕ್ಕ ಒಲೆ ಹಚ್ಚಲಿಲ್ಲ.

"ಬೇರೆ ಮನೆ ನೋಡೋಣ್ವಾ ಅಕ್ಕಾ?"

"ಇದು ಸಿಗೋಕೆ ಒಂದು ವರ್ಷ ಕಾದಿದ್ದೀನಿ ಕಣೇ."

"ಪೊಲೀಸರಿಗೆ ಹೇಳಿದ್ರೆ?"

"ಏನಂತ? ನಕ್ಕ ಅಂತಾನಾ?"

ಮರುದಿನ ಅಕ್ಕ ಒಳಗಿನಿಂದ ಹಾಕುವ ಚಿಲಕ ತಂದು ತಾನೇ ಕೂರಿಸಿದಳು. ಇನ್ನು ಮುಂದೆ ಹಿಂಬಾಗಿಲಿನಿಂದಲೇ ಹೋಗಿಬರಬೇಕೆಂದು ತಂಗಿಗೆ ತಾಕೀತು ಮಾಡಿದಳು. ಅವತ್ತೂ ಬುಧವಾರವೂ ಅವನು ಎಲ್ಲೂ ಕಾಣಲಿಲ್ಲ. ಅವನ ಬಾಗಿಲು ಮುಚ್ಚಿತ್ತು.

"ನೋಡಿದ್ಯಾ, ತಣ್ಣಗಾದ," ಎಂದಳು ಅಕ್ಕ. "ನೀನು ಸುಮ್ಮನೆ ಹೆದರಿ ನನ್ನನ್ನೂ ಹೆದರಿಸಿಬಿಟ್ಟೆ." ಆ ರಾತ್ರಿ ತಂಗಿ ಹೊಟ್ಟೆ ತುಂಬ ಉಂಡಳು.

ಗುರುವಾರ ಮಧ್ಯಾಹ್ನ ಮೇಲ್ವಿಚಾರಕಿ ಮಡಚುವ ಮೇಜಿನ ಬಳಿ ಬಂದಳು. ಸೋಮವಾರದ ಸಿಟ್ಟು ಇಳಿದಿತ್ತು.

"ನಿಮ್ಮವರು ಬಂದಿದ್ದಾರೆ. ಗೇಟಿನ ಹತ್ತಿರ. ವಯಸ್ಸಾದವರು, ಪಾಪ, ಬೆಳಿಗ್ಗೆಯಿಂದ ನಿಂತಿದ್ದಾರೆ."

ತಂಗಿ ಹಾಸುಬಟ್ಟೆಯನ್ನು ಎದೆಗೆ ಒತ್ತಿ ಹಿಡಿದಳು. ಯಾವ ಲಾಂಡ್ರಿ ಎಂದು ಅವಳಾಗಲಿ ಅಕ್ಕನಾಗಲಿ ಬೀಗದ ಮಾಮನಿಗೆ ಹೇಳಿರಲಿಲ್ಲ. ಅಕ್ಕನ ಬಸ್ ಊರಿನ ಇನ್ನೊಂದು ತುದಿಯಲ್ಲಿತ್ತು. ಇವನು ನಮ್ಮವನಲ್ಲ, ಕಳಿಸಬೇಡಿ, ಅಕ್ಕನಿಗೆ ಫೋನ್ ಮಾಡಿ ಎಂದೆಲ್ಲ ಕನ್ನಡದಲ್ಲಿ ನಾಲಿಗೆಯ ತುದಿಗೆ ಬಂತು. ಆ ಭಾಷೆಯಲ್ಲಿ ಬಂದದ್ದು ಒಂದೇ.

"ನಾನು ಬರಲ್ಲ."

ಮೇಲ್ವಿಚಾರಕಿ ನಕ್ಕು ಅವಳ ಭುಜ ತಟ್ಟಿದಳು.

"ಗೊತ್ತು ಗೊತ್ತು. ನೀನು ಹೀಗೇ ಅಂತೀಯ ಅಂತ ಅವರು ಮೊದಲೇ ಹೇಳಿದ್ರು. ನಿಮ್ಮ ಭಾಷೇಲಿ ಎಲ್ಲಾ ಉಲ್ಟಾ ಅಂತೆ. ಇವತ್ತು ಬೇಗ ಹೊರಡು, ಪರವಾಗಿಲ್ಲ."

ಅವಳು ತಂಗಿಯ ಕೈಯಿಂದ ಬಟ್ಟೆಯ ಎರಡು ಮೂಲೆಗಳನ್ನು ಬಿಡಿಸಿಕೊಂಡು, ಆ ಜಾಗದಲ್ಲಿ ತಾನೇ ನಿಂತು ಮಡಚತೊಡಗಿದಳು.